ಬಾನ್-ಹೋಕನ ಕಾಗದದ ಮನೆ

ಆ-ತೋ ತನ್ನ ಆಯುಷ್ಯದಲ್ಲಿ ಕಟ್ಟಿದ ಮನೆಗಳಲ್ಲಿ ಒಂದೂ ಇವತ್ತು ನಿಂತಿಲ್ಲ. ನಿಂತಿದ್ದರೆ ಅವಳಿಗೆ ನಾಚಿಕೆಯಾಗುತ್ತಿತ್ತು. ಬಿದಿರು ಸೀಳಿ, ಹಂದರ ಬಿಗಿದು, ಬಣ್ಣದ ಕಾಗದ ಅಂಟಿಸಿ ಸತ್ತವರಿಗೆ ಮನೆ ಮಾಡಿಕೊಡುವುದು ಅವಳ ಕಸುಬು. ಸುಟ್ಟರೆ ಮಾತ್ರ ಆ ಮನೆ ಸತ್ತವರ ಕೈಸೇರುವುದು. ಸುಡದೆ ಉಳಿದರೆ ಅದು ಬರೀ ಕಾಗದ, ಇಲಿಗಳಿಗೆ ಹಬ್ಬ. ನಮ್ಮ ಉಪ್ಪುಗದ್ದೆಯ ಊರಿನಲ್ಲಿ ತೀರಿಹೋದವರಲ್ಲಿ ಮುಕ್ಕಾಲು ಪಾಲು ಮಂದಿ ಅವಳು ಕಟ್ಟಿದ ಮನೆಯಲ್ಲೇ ಇದ್ದಾರೆ. ನನ್ನ ಅತ್ತೆಯೂ ಇದ್ದಾಳೆ. ಬದುಕಿದ್ದಾಗ ಯಾವ ಮನೆಯೂ ಅವಳಿಗೆ ಸರಿಬರಲಿಲ್ಲ; ಅಲ್ಲಿ ಏನು ತಕರಾರು ತೆಗೆದಿದ್ದಾಳೋ ಗೊತ್ತಿಲ್ಲ.

ನನ್ನ ಮನೆಗೂ ಆ-ತೋಳ ಮನೆಗೂ ನಡುವೆ ಒಂದೇ ಗೋಡೆ. ಈಚೆ ಬಾಗಿಲಲ್ಲಿ ನಾನು ಮಾರಾಟದ ಸಿಂಪಿಯನ್ನು ಚಿಪ್ಪಿನಿಂದ ಬಿಡಿಸುತ್ತ ಕೂರುತ್ತಿದ್ದೆ, ಆಚೆ ಬಾಗಿಲಲ್ಲಿ ಅವಳು ಬಿದಿರು ಸೀಳುತ್ತ ಕೂರುತ್ತಿದ್ದಳು. ಕಡ್ಡಿಯಂಥ ಹೆಂಗಸು, ನಡೆದರೆ ಸದ್ದಾಗುತ್ತಿರಲಿಲ್ಲ. ನಾಲಗೆ ಮಾತ್ರ ಅವಳ ಕೈಯ ಕತ್ತಿಗಿಂತ ಚೂಪು. ಅಪ್ಪನಿಗೆ ಮೂರಂತಸ್ತಿನ ಮನೆ ಬೇಕು, ಬಾಗಿಲಲ್ಲಿ ಕಾರು ಬೇಕು, ಆಳುಕಾಳು ಬೇಕು ಎಂದು ಯಾರಾದರೂ ಬಂದರೆ, "ನಿಮ್ಮಪ್ಪ ಬದುಕಿದ್ದಾಗ ಒಂದು ಫ್ಯಾನಾದ್ರೂ ಹಾಕ್ಸಿಕೊಟ್ಟಿದ್ರಾ?" ಎಂದು ಕೇಳಿಯೇ ಬಿದಿರಿಗೆ ಕೈಹಾಕುತ್ತಿದ್ದಳು. ಬಂದವರು ಹಲ್ಲು ಕಿರಿಯುತ್ತಿದ್ದರು. ಬೇರೆ ಕಡೆ ಹೋಗೋಣವೆಂದರೆ ಈ ಸುತ್ತಿನಲ್ಲಿ ಆ ಕೆಲಸ ಬಲ್ಲವರು ಮತ್ತೊಬ್ಬರಿರಲಿಲ್ಲ.

ಒಮ್ಮೆ ನಾನೇ ಕೇಳಿದ್ದೆ. "ಅಲ್ವೇ, ತಿಂಗಳುಗಟ್ಟಲೆ ಕೂತು ಕಟ್ತೀಯ, ಅರ್ಧ ಗಳಿಗೇಲಿ ಬೂದಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನೋ ಹಾಗೆ. ನಿನಗೆ ಹೊಟ್ಟೆ ಉರಿಯಲ್ವಾ?"

"ನೀನು ದಿನವೆಲ್ಲಾ ಬಿಡಿಸಿದ ಸಿಂಪೀನ ಜನ ನುಂಗ್ತಾರಲ್ಲ ಸುವಾನ್, ಅವರ ಬಾಯಿಗೆ ಕೈಹಾಕಿ ವಾಪಸ್ ಕೀಳ್ತೀಯಾ?" ಎಂದಳು.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಊರಿಗೆಲ್ಲ ಮನೆ ಕಟ್ಟಿಕೊಟ್ಟವಳು ತನ್ನ ಗಂಡನಿಗೆ ಮಾತ್ರ ಕಟ್ಟಿರಲಿಲ್ಲ. ಅವನ ಹೆಸರು ಬಾನ್-ಹೋಕ್. ಚಳಿಗಾಲದ ಮೀನಿನ ಹಿಂಡು ಬರುವ ಕಾಲದಲ್ಲಿ ಮೂವರು ಒಂದೇ ದೋಣಿಯಲ್ಲಿ ಹೋದರು. ಇಬ್ಬರು ಹೆಣವಾಗಿ ದಡಕ್ಕೆ ಬಂದರು. ಇವನು ಹಾಗೂ ಬರಲಿಲ್ಲ. ಆ ಇಬ್ಬರಿಗೆ ಆ-ತೋ ತಾನೇ ಮನೆ ಕಟ್ಟಿದಳು. ಆಮೇಲೆ ಹಿರಿಯರು, "ಇವನಿಗೂ ಒಂದು ಕಟ್ಟಿಬಿಡಮ್ಮ, ತಲೆ ಮೇಲೆ ಸೂರಿಲ್ಲದೆ ನೀರಲ್ಲಿ ನೆನೀತಾ ಇರ್ತಾನೆ" ಎಂದರೆ, "ಹೆಣ ತೋರ್ಸಿ, ಕಟ್ತೀನಿ" ಎನ್ನುತ್ತಿದ್ದಳು. ಬಾಗಿಲ ಹೊರಗೆ ಅವನ ರಬ್ಬರ್ ಚಪ್ಪಲಿ ಇಟ್ಟಿದ್ದಳು. ಬಿಸಿಲಿಗೆ ಅದು ಬಿರುಕುಬಿಟ್ಟರೆ ಸಂತೆಯಿಂದ ಅದೇ ಅಳತೆಯ ಇನ್ನೊಂದು ಜೊತೆ ತಂದಿಡುತ್ತಿದ್ದಳು. ಮಕ್ಕಳಿರಲಿಲ್ಲ. ಹೀಗೇ ಮೂವತ್ತು ವರ್ಷ ಕಳೆಯಿತು, ಬಾನ್-ಹೋಕನ ಮುಖ ಕಂಡಿದ್ದವರೇ ಊರಲ್ಲಿ ಕಡಿಮೆಯಾದರು.

ನನ್ನ ಮೊಮ್ಮಗಳು ಪೇ-ಯಿಂಗ್ ಐದನೇ ತರಗತಿಯಲ್ಲಿದ್ದಾಗ ಶಾಲೆಗೆ ಹೊಸ ಟೀಚರ್ ಬಂದಳು. ಶ್ಯು ಎಂದು ಹೆಸರು, ರಾಜಧಾನಿ ತೈಪೇ ಕಡೆಯವಳು, ಒಣಗಲು ಹಾಕಿದ ಮೀನನ್ನು ಕಂಡರೂ ಕಣ್ಣರಳಿಸುವ ಹುಡುಗಿ. ಊರಿನ ಕಸುಬನ್ನು ಮಕ್ಕಳು ಕೈಯಾರೆ ಕಲಿಯಬೇಕೆಂದು ಅವಳ ಹಟ. ಆ-ತೋಳ ಬಾಗಿಲಿಗೆ ಬಂದು, ತರಗತಿಯ ಮಕ್ಕಳಿಂದ ಒಂದು ಕಾಗದದ ಮನೆ ಕಟ್ಟಿಸಿಕೊಡಿ, ಕೊನೆಗೆ ಅವರ ಕೈಯಿಂದಲೇ ಸುಡಿಸೋಣ, ಮಾಡಿದ್ದನ್ನು ಬಿಟ್ಟುಕೊಡುವುದೂ ಒಂದು ಪಾಠವೇ ಎಂದಳು. ಸಾವಿನ ಸಾಮಾನು ಶಾಲೆಯೊಳಗೆ ಯಾಕೆ ಎಂದು ಕೆಲವು ತಾಯಂದಿರು ಗೊಣಗಿದರು. ಹೆಡ್‌ಮೇಷ್ಟ್ರು ಒಪ್ಪಿದರು. ಮಕ್ಕಳು ಕಡಿಮೆಯೆಂದು ಶಾಲೆಯನ್ನೇ ಮುಚ್ಚುವ ಮಾತು ನಡೆದಿತ್ತು, ಪೇಪರಿನಲ್ಲಿ ಹೆಸರು ಬಂದರೆ ಉಳಿದೀತು ಎಂಬ ಆಸೆ ಅವರಿಗೆ. ಆ ಮನುಷ್ಯನನ್ನು ನಾನು ಬಯ್ಯುವುದಿಲ್ಲ.

ಮೊದಲ ದಿನವೇ ಆ-ತೋ, "ಯಾರಿಗೆ ಮನೆ?" ಎಂದು ಕೇಳಿದಳಂತೆ.

"ಯಾರಿಗೂ ಇಲ್ಲ ಅಜ್ಜಿ, ಸುಮ್ನೆ ಮಾದರಿಗೆ" ಎಂದಳು ಟೀಚರ್.

"ಯಜಮಾನ ಇಲ್ಲದ ಮನೆ ಸುಡಬಾರದು ಕಣಮ್ಮ. ಆ ಕಡೆ ಹೊಡೆದಾಟ ಆಗುತ್ತೆ. ಯಾರದಾದ್ರೂ ಒಂದು ಹೆಸರು ಹೇಳಿ."

ಒಬ್ಬ ಹುಡುಗ ಸತ್ತುಹೋದ ತನ್ನ ನಾಯಿಯ ಹೆಸರು ಹೇಳಿದ. ನಾಯಿಗೆ ಮಹಡಿ ಯಾಕೋ, ಗೂಡು ಸಾಕು ಎಂದಳು ಆ-ತೋ. ಒಬ್ಬಳು ತನ್ನ ತಾತನ ಹೆಸರು ಹೇಳಿದಳು. "ನಿಮ್ಮ ತಾತನಿಗೆ ಆಗ್ಲೇ ಕಟ್ಟಿಕೊಟ್ಟಿದ್ದೀನಿ. ಇನ್ನೊಂದನ್ನ ಬಾಡಿಗೆಗೆ ಬಿಡ್ತಾನಾ?" ಮಕ್ಕಳು ನಕ್ಕವು. ಆಗ ನನ್ನ ಮೊಮ್ಮಗಳು, ಬಾಯಿ ನನ್ನದೇ ತಾನೇ, "ನಿಮ್ಮನೆ ತಾತನಿಗೆ ಕಟ್ಟಿದ್ದೀರಾ ಅಜ್ಜಿ?" ಎಂದುಬಿಟ್ಟಳು.

ಆ-ತೋ ಅಂಟು ಕಲಸುವುದನ್ನು ನಿಲ್ಲಿಸಲಿಲ್ಲವಂತೆ. ಮಾರನೆಯ ದಿನ ಒಂದು ಕೆಂಪು ಕಾಗದ ತಂದು ಮಕ್ಕಳ ಮುಂದೆ ಇಟ್ಟಳು. ಅದರ ಮೇಲೆ ಬಾನ್-ಹೋಕನ ಹೆಸರು, ಊರು, ಹುಟ್ಟಿದ ದಿನ ಬರೆದಿತ್ತು. ಮನೆಯ ಮೇಲೆ ಅವನ ಹಕ್ಕುಪತ್ರ ಅದು, ಮನೆಯ ಜೊತೆಗೇ ಸುಡಬೇಕಾದದ್ದು.

ಸಂಜೆ ಪೇ-ಯಿಂಗ್ ಇದನ್ನು ಹೇಳಿದಾಗ ನನ್ನ ಚಾಕು ಸಿಂಪಿಯ ಬಾಯಲ್ಲೇ ನಿಂತಿತು. ಕೈಯನ್ನೂ ತೊಳೆಯದೆ ಗೋಡೆಯಾಚೆ ಹೋದೆ. "ನಿಜವೇನೇ?" ಎಂದೆ.

"ನನಗೂ ವಯಸ್ಸಾಯ್ತು. ನಾನು ಹೋದ್ಮೇಲೆ ಅವನಿಗೆ ಯಾರು ಕಟ್ತಾರೆ ಹೇಳು" ಎಂದಳು. ಕೈಯಲ್ಲಿದ್ದ ಬಿದಿರನ್ನು ಕೆಳಗಿಟ್ಟು, "ಊರವರ ಎದುರು ಕಟ್ಟಿದ್ರೆ ಎಲ್ರೂ ನನ್ನ ಮುಖ ನೋಡ್ತಾರೆ. ಈ ಮಕ್ಕಳು ಮನೆ ನೋಡ್ತಾವೆ. ಇವರ ಜೊತೆ ಆದ್ರೆ ನನಗೆ ಕಟ್ಟೋಕಾಗುತ್ತೆ" ಎಂದಳು. ಹೊರಗಿದ್ದ ಚಪ್ಪಲಿಯನ್ನು ತೊಳೆದು ಒರೆಸಿ ಒಳಗಿಟ್ಟಳು. ನಾನು ಎದ್ದು ಬಂದು ನನ್ನ ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ಅಂದಿನಿಂದ ಮನೆ ಏಳತೊಡಗಿತು. ಮಕ್ಕಳಿಗೆ ಗಂಜಿ ಕೊಡುವ ನೆಪದಲ್ಲಿ ನಾನೂ ಆಗಾಗ ಹೋಗಿ ಇಣುಕುತ್ತಿದ್ದೆ. ಒಬ್ಬ ತನ್ನ ಪ್ಲಾಸ್ಟಿಕ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರೆ, "ಉರಿಯದೇ ಇರೋದು ಅಲ್ಲಿಗೆ ಹೋಗಲ್ಲ ಮರಿ, ತಗೊಂಡು ಹೋಗು" ಎನ್ನುತ್ತಿದ್ದಳು. ಮೊಳೆ ಇಲ್ಲ, ತಂತಿ ಇಲ್ಲ, ಎಲ್ಲವೂ ಕಾಗದ, ಬಿದಿರು, ಅಂಟು. ಮಕ್ಕಳು ಕಾಗದದ ಗಾಳ ಮಾಡಿದರು, ಕಾಗದದ ಅನ್ನದ ಕುಕ್ಕರ್ ಮಾಡಿದರು, ಒಬ್ಬ ಹುಡುಗ ಒಂದು ಬಿಳಿ ನಾಯಿಯನ್ನೂ ಮಾಡಿದ. ಅದರ ಕಾಲುಗಳಲ್ಲಿ ಒಂದು ಮೋಟಾಗಿ ನಾಯಿ ಯಾವಾಗಲೂ ಮೂತ್ರಕ್ಕೆ ನಿಂತ ಹಾಗೆ ಕಾಣುತ್ತಿತ್ತು.

"ಅಜ್ಜಿ, ತಾತನಿಗೆ ಮೊಬೈಲ್ ಬೇಡ್ವಾ?"

"ಅವನು ಹೋದಾಗ ನಮ್ಮ ಬೀದೀಲೇ ಫೋನ್ ಇರ್ಲಿಲ್ಲ ಕಣೋ. ಕೊಟ್ರೆ ಉಲ್ಟಾ ಹಿಡ್ಕೊಂಡು ಮಾತಾಡ್ತಾನೆ."

"ಚಾರ್ಜರ್ರೂ ಮಾಡಿದ್ದೀನಿ."

"ಹಾಗಾದ್ರೆ ಸರಿ, ಇಡು."

ಆ-ತೋ ಕೆಲಸದ ನಡುವೆ ಅವನ ವಿಷಯ ಹೇಳುತ್ತಿದ್ದಳು. ಸೀದ ಅನ್ನದ ತಳ ಅಂದರೆ ಪ್ರಾಣ ಬಿಡುತ್ತಿದ್ದ, ಬಿರುಗಾಳಿಗೆ ಹೆದರದವನು ಹಲ್ಲಿಗೆ ಹೆದರುತ್ತಿದ್ದ, ಮಲಗಿದರೆ ಬಾಗಿಲ ಕಡೆಗೇ ತಲೆ. ಮೂವತ್ತು ವರ್ಷ ನನ್ನ ಹತ್ತಿರ ಬಿಚ್ಚದ ಗಂಟನ್ನು ಮೂಗು ಸೋರುವ ಮಕ್ಕಳ ಮುಂದೆ ಬಿಚ್ಚಿದಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಕ್ಕಳು ಹಾಸಿಗೆಯನ್ನು ಬಾಗಿಲ ಕಡೆಗೆ ತಿರುಗಿಸಿದರು. ಒಬ್ಬಳು ಕಡಲ ಕಡೆ ದೊಡ್ಡ ಕಿಟಕಿ ಕೊರೆಯಲು ಹೋದಾಗ ಆ-ತೋ ಅವಳ ಕೈ ಹಿಡಿದಳು. "ಆ ಕಡೆ ಕಿಟಕಿ ಬೇಡ ಕಂದ. ಅದನ್ನ ಸಾಕಷ್ಟು ನೋಡಿದ್ದಾನೆ."

ಕೊನೆಗೆ ಹಗ್ಗದ ಪಾಠ. ಮನೆಗೆ ಬೆಂಕಿ ಇಟ್ಟ ಮೇಲೆ ಅದರ ಸುತ್ತ ಎಲ್ಲರೂ ಒಂದೇ ಹಗ್ಗ ಹಿಡಿದು ನಿಲ್ಲಬೇಕು. ದಿಕ್ಕಿಲ್ಲದ ಪ್ರೇತಗಳು ಹೊಂಚು ಹಾಕಿರುತ್ತವೆ, ಸಂದು ಸಿಕ್ಕರೆ ಒಳನುಗ್ಗಿ ಮನೆಯನ್ನು ತಮ್ಮದು ಮಾಡಿಕೊಳ್ಳುತ್ತವೆ. ಅಷ್ಟು ಹೊತ್ತೂ ಮನೆಯವರೊಬ್ಬರು ಸತ್ತವರ ಹೆಸರು ಹಿಡಿದು ಕರೆಯುತ್ತಿರಬೇಕು. ಸೂರು ಕುಸಿಯುವ ತನಕ ಕರೆಯುವವರ ಬಾಯಲ್ಲಿ ಬೇರೆ ಮಾತು ಬರಬಾರದು. ಬಂದರೆ ಕರೆ ಅಲ್ಲಿಗೆ ಕಡಿಯಿತು, ಬರುತ್ತಿದ್ದವನು ಅರ್ಧ ದಾರಿಯಲ್ಲಿ ನಿಂತ. ಆ-ತೋ ಶಾಲೆಯ ಅಂಗಳದಲ್ಲಿ ಒಂದು ಬಕೆಟ್ಟನ್ನು ಮನೆಯೆಂದು ಇಟ್ಟು ಮಕ್ಕಳಿಗೆ ಹಗ್ಗ ಹಿಡಿಸಿದಳು. ಅವಳು ಪ್ರೇತದ ಹಾಗೆ ನುಗ್ಗಿ ಬರುವುದು, ಮಕ್ಕಳು ಕಿರುಚಿ ತಡೆಯುವುದು. ಟೀಚರ್ ಪಕ್ಕದಲ್ಲಿ ನಿಂತು ನಗುತ್ತಿದ್ದಳು, ಆಟ ಎಂದುಕೊಂಡಿದ್ದಳು.

ಸುಡುವ ದಿನ ಗಾಳಿ ಹದವಾಗಿತ್ತು. ಅಂಗಳದಲ್ಲಿ ಇಟ್ಟಿಗೆಯ ಮೇಲೆ ಮನೆ ನಿಂತಿತ್ತು. ಕೆಂಪು ಸೂರು, ಬಾಗಿಲಲ್ಲಿ ಮೋಟುಕಾಲಿನ ನಾಯಿ. ಗೋಡೆಗೆ ಶಾಲೆಯ ಹೆಸರಿನ ಬ್ಯಾನರ್ ಕಟ್ಟಿದ್ದರು. ನಾಯಿ ಮಾಡಿದ ಹುಡುಗ ಅದೊಂದನ್ನು ಉಳಿಸಿಕೊಳ್ಳಲೇ ಎಂದು ಕೇಳಿ ಅತ್ತ. ಆ-ತೋ ಅವನ ತಲೆ ಸವರಿ, "ಉಳಿಸ್ಕೊಂಡ್ರೆ ನಿನಗೆ ಕಾಗದ ಉಳಿಯುತ್ತೆ, ಕಳಿಸಿದ್ರೆ ಅವನಿಗೆ ನಾಯಿ ಸಿಗುತ್ತೆ" ಎಂದಳು. ಅವನು ಮೂಗು ಒರೆಸಿಕೊಂಡು ಹಗ್ಗ ಹಿಡಿದ. ನಾನು ಗಂಜಿಯ ಪಾತ್ರೆ ಇಳಿಸಲು ಶಾಲೆಯ ಅಡುಗೆಮನೆಗೆ ಹೋದೆ.

"ಬಾನ್-ಹೋಕ್, ಮನೆ ಬಂದಿದೆ, ಬಾ, ತಗೋ." ಮೊದಲ ಕರೆ ನನಗೆ ಒಳಗಿಂದಲೇ ಕೇಳಿಸಿತು. ಮೂವತ್ತು ವರ್ಷದ ಮೇಲೆ ಆ ಹೆಸರನ್ನು ಅವಳು ಕೂಗಿ ಕರೆದದ್ದು. ನಾನು ಪಾತ್ರೆಯ ಮೇಲೆ ಕೈಯಿಟ್ಟು ಹಾಗೇ ನಿಂತೆ. ಅವಳು ಮತ್ತೆ ಕರೆದಳು, ಮತ್ತೆ ಕರೆದಳು. ನಡುವೆ ಒಂದು ಗಂಡಸಿನ ದನಿ.

"ಟೀಚರ್, ಈ ಹಗ್ಗ ಅಡ್ಡ ಬರ್ತಿದೆ. ಮಕ್ಕಳ ಮುಖಾನೇ ಕಾಣ್ತಿಲ್ಲ. ಎಲ್ರನ್ನೂ ಬ್ಯಾನರ್ ಕಡೆ ಸಾಲಾಗಿ ನಿಲ್ಲಿಸಿ, ಎರಡೇ ನಿಮಿಷ."

ಪೇಪರಿನಿಂದ ಬಂದಿದ್ದ ಫೋಟೋದವನು. ಟೀಚರ್ ಆ-ತೋಳ ಕಡೆ ನೋಡಿದಳಂತೆ. ಆ-ತೋ ಬೆಂಕಿಯನ್ನೇ ನೋಡುತ್ತ ಕರೆಯುತ್ತಿದ್ದಳು, ಬೇಡ ಎನ್ನಲಿಲ್ಲ. ಬೇಡ ಎನ್ನಲು ಬಾಯಿ ಅವಳದಾಗಿರಲಿಲ್ಲ. "ಮಕ್ಕಳೇ, ಹಗ್ಗ ಕೆಳಗಿಟ್ಟು ಬೇಗ ಬನ್ನಿ" ಎಂದಳು ಟೀಚರ್.

ನಾನು ಹೊರಗೆ ಓಡಿ ಬಂದಾಗ ಹಗ್ಗ ಮಣ್ಣಲ್ಲಿ ಬಿದ್ದಿತ್ತು. ಮಕ್ಕಳು ಬ್ಯಾನರಿನ ಮುಂದೆ ಎರಡು ಬೆರಳು ಎತ್ತಿ ನಿಂತಿದ್ದರು. ಮನೆಯ ಮೂರೂ ಕಡೆ ಬಯಲು. ಆ-ತೋ ಒಬ್ಬಳೇ ಹಗ್ಗದ ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಚಾಚಿ, ಯಾರಾದರೂ ಹಿಡಿಯಲಿ ಎಂಬಂತೆ ಆಡಿಸುತ್ತಿದ್ದಳು. ಬಾಯಲ್ಲಿ ಅದೇ ಹೆಸರು. ನನ್ನನ್ನು ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಹಗ್ಗ, ಹಗ್ಗ" ಎಂದು ಕೂಗುತ್ತ ಹೋಗಿ ನಾನು ಇನ್ನೊಂದು ತುದಿ ಎತ್ತಿಕೊಂಡೆ. ಇಬ್ಬರು ಮುದುಕಿಯರು ಸೇರಿ ಒಂದು ಮನೆಯನ್ನು ಎಷ್ಟು ಸುತ್ತಬಲ್ಲೆವು? ಮಕ್ಕಳು ವಾಪಸ್ ಓಡಿಬರುವಷ್ಟರಲ್ಲಿ ಸೂರು ಕುಸಿಯಿತು. ಆಗ ಅವಳ ಬಾಯಿ ನಿಂತಿತು.

ಟೀಚರನ್ನೂ ಆ ಫೋಟೋದವನನ್ನೂ ಅಲ್ಲೇ ಜಾಡಿಸುತ್ತೇನೆಂದು ಹೊರಟೆ. ಆ-ತೋ ನನ್ನ ತೋಳು ಹಿಡಿದಳು. ಮಕ್ಕಳ ಕಡೆ ತಿರುಗಿ, ನಗುಮುಖ ಮಾಡಿ, "ಹೆದರ್ಕೋಬೇಡಿ. ನೀವು ಹಗ್ಗ ಬಿಡೋದ್ರೊಳಗೆ ಅವನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡಿದ್ದ. ನಾನು ನೋಡಿದೆ" ಎಂದಳು. ಮಕ್ಕಳು ನಂಬಿದವು. ಪೇ-ಯಿಂಗ್ ಮಾತ್ರ ನಂಬಲಿಲ್ಲ. ಮನೆಗೆ ಬಂದು ಊಟ ಮಾಡದೆ, "ಟೀಚರ್ ಹೇಳಿದ್ರು ಅಂತ ಬಿಟ್ಟೆ ಅಜ್ಜಿ" ಎಂದು ಬಿಕ್ಕಿದಳು. ಹತ್ತು ವರ್ಷದ ಮಗು, ಟೀಚರ್ ಹೇಳಿದರೆ ಬಿಡದೆ ಏನು ಮಾಡೀತು.

ಪೇಪರಿನಲ್ಲಿ ಫೋಟೋ ಬಂತು. ಶಾಲೆ ಇನ್ನೂ ಕೆಲವು ವರ್ಷ ಉಳಿಯಿತು, ಅದಕ್ಕೆ ಆ ಫೋಟೋ ಕಾರಣವೋ ಅಲ್ಲವೋ. ಟೀಚರ್ ಅದಕ್ಕೆ ಕಟ್ಟು ಹಾಕಿಸಿ, ಖುಷಿಯಿಂದ ತಂದು ಆ-ತೋಳಿಗೆ ಕೊಟ್ಟಳು. ಉರಿಯುವ ಮನೆ, ನಗುವ ಮಕ್ಕಳು, ಅಂಚಿನಲ್ಲಿ ಒಂದು ಚಾಚಿದ ಕೈ. ಆ-ತೋ ಎರಡೂ ಕೈಯಿಂದ ತಗೊಂಡು, ತಲೆಬಾಗಿಸಿ, ಬಿದಿರು ಸೀಳುವ ಜಾಗದ ಮೇಲೆಯೇ ತೂಗುಹಾಕಿದಳು. ಆ ಹುಡುಗಿಗೆ ಹೇಳಬೇಡ ಎಂದು ನನ್ನಿಂದ ಮಾತು ತಗೊಂಡಳು. ಎರಡು ದಿನದ ಮೇಲೆ ನೋಡುತ್ತೇನೆ, ಬಾಗಿಲ ಹೊರಗೆ ಮತ್ತೆ ಆ ಚಪ್ಪಲಿ.

ನಾನು ತಡೆಯಲಾರದೆ ಹೇಳಿದೆ. "ಇನ್ನೊಂದು ಕಟ್ಟೇ. ನಾವಿಬ್ಬರೇ ಕಟ್ಟೋಣ. ಊರಿಗೆ ಊರನ್ನೇ ಕರೆದು ಹಗ್ಗ ಹಿಡಿಸ್ತೀನಿ."

ಅವಳು ನನ್ನ ಬುಟ್ಟಿಯಿಂದ ಒಂದು ಸಿಂಪಿ ತಗೊಂಡು ಬಿಡಿಸತೊಡಗಿದಳು. ಆ ಕೆಲಸ ಅವಳಿಗೆ ಬರುತ್ತಿರಲಿಲ್ಲ, ಸಿಂಪಿಯನ್ನು ಹರಿದುಹಾಕಿದಳು.

"ನಿಮ್ಮತ್ತೆ ಮನೆ ಸುಟ್ಟ ದಿನ ನಿನ್ನ ಗಂಡ ಕೆಮ್ಮು ಬಂದು ಹಗ್ಗ ಬಿಟ್ಟಿದ್ದ, ನೆನಪಿದ್ಯಾ?" ಎಂದಳು.

ನನಗೆ ನೆನಪಿರಲಿಲ್ಲ. ಹಾಗಾದರೆ ಅತ್ತೆಯ ಮನೆ ಯಾರ ಪಾಲಾಯಿತು?

"ಎಲ್ಲರ ಮನೇಲೂ ಯಾರಾದ್ರೂ ಒಬ್ರು ಕಣ್ಣೊರೆಸ್ಕೊಳ್ಳೋಕೆ ಒಂದು ಗಳಿಗೆ ಬಿಟ್ಟೇ ಬಿಟ್ಟಿರ್ತಾರೆ ಸುವಾನ್. ಏನೂ ಆಗಲ್ಲ, ಮುಟ್ಟಿದೆ, ಹೋಗಿ ಮಲಗಿ ಅಂತ ನಾನೇ ಎಲ್ರಿಗೂ ಹೇಳಿ ಕಳಿಸಿದ್ದೀನಿ. ಈಗ ನನ್ನ ಗಂಡನಿಗೆ ಎರಡನೇದು ಕಟ್ಟಿದ್ರೆ, ಈ ಊರಲ್ಲಿ ಯಾರಿಗೆ ನಿದ್ದೆ ಬರುತ್ತೆ?"

ನಾನು ಹರಿದ ಸಿಂಪಿಯನ್ನು ಅವಳ ಕೈಯಿಂದ ತಗೊಂಡೆ. ಅವಳು, "ಮಕ್ಕಳು ನಾಯಿ ಚೆನ್ನಾಗಿ ಮಾಡಿದ್ರು. ಯಾರಿಗೆ ಸಿಕ್ಕಿತೋ" ಎಂದಳು. ಮತ್ತೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಅವಳು ಊರಿಗೆ ಮನೆ ಕಟ್ಟುವುದನ್ನು ಮುಂದುವರಿಸಿದಳು, ಚಪ್ಪಲಿ ಬದಲಾಯಿಸುವುದನ್ನೂ. ಬಂದವರನ್ನು ಚುಚ್ಚುವುದನ್ನು ಮಾತ್ರ ಬಿಟ್ಟಳು. ಕೇಳಿದ್ದಷ್ಟನ್ನು ಕಟ್ಟಿಕೊಡುತ್ತಿದ್ದಳು, ಹಗ್ಗ ಹೊಸೆಯುವಾಗ ಮೊದಲಿಗಿಂತ ದಪ್ಪ ಹೊಸೆಯುತ್ತಿದ್ದಳು.

ಹೋದ ವರ್ಷ ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಪೇ-ಯಿಂಗ್ ಈಗ ಹೈಸ್ಕೂಲು. ಅವಳೂ ಅಂದಿನ ತರಗತಿಯ ಮಕ್ಕಳೂ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು. ನಿಮಗೆ ನಾವೇ ಕಟ್ಟುತ್ತೇವೆ ಎಂದು ಅವರು ಹೇಳಿದಾಗ, "ಒಂದು ಕೋಣೆ ಸಾಕು. ಬಾಗಿಲು ಸ್ವಲ್ಪ ಅಗಲ ಇಡಿ. ಹೊರಗೆ ಗಂಡಸರ ಚಪ್ಪಲಿ ಒಂದು ಜೊತೆ" ಎಂದಳು. ಪೇ-ಯಿಂಗ್ ಕೆಂಪು ಕಾಗದದಲ್ಲಿ ತಾತನ ಹೆಸರೂ ಸೇರಿಸಲೇ ಎಂದು ಕೇಳಿದಳು. ಆ-ತೋ ಬೇಡವೆಂದು ತಲೆಯಾಡಿಸಿದಳು.

"ನನ್ನೊಬ್ಬಳದೇ ಬರಿ. ಅವನಿಗೆ ಮನೆ ಇದೆಯಲ್ಲ."

ಹಾಗೆ ಹೇಳಿ ಅವಳು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ.

ಅವಳು ತೀರಿಕೊಂಡ ಮೇಲೆ ಮಕ್ಕಳು ಕಟ್ಟಿದ ಮನೆ ಒಂದು ಕಡೆಗೆ ಸ್ವಲ್ಪ ವಾಲಿತ್ತು. ಅವಳು ಇದ್ದಿದ್ದರೆ ಎಲ್ಲವನ್ನೂ ಬಿಚ್ಚಿಸುತ್ತಿದ್ದಳು. ಕಡಲ ದಂಡೆಯ ಬಯಲಿನಲ್ಲಿ ಇಟ್ಟು ಬೆಂಕಿ ಕೊಟ್ಟೆವು. ಊರೆಲ್ಲ ಬಂದಿತ್ತು. ಅಂದಿನ ಹುಡುಗ ಹುಡುಗಿಯರು ಹಗ್ಗವನ್ನು ಗೆಣ್ಣು ಬೆಳ್ಳಗಾಗುವಷ್ಟು ಬಿಗಿಹಿಡಿದಿದ್ದರು. ಝಳಕ್ಕೆ ಮುಖ ತಿರುಗಿಸಿದರು, ಕೈ ಸಡಿಲಿಸಲಿಲ್ಲ. ಪೇ-ಯಿಂಗ್ ಕರೆಯುತ್ತಿದ್ದಳು. "ಆ-ತೋ ಅಜ್ಜಿ, ಮನೆ ಬಂದಿದೆ, ಬನ್ನಿ, ತಗೊಳ್ಳಿ."

ಹಗ್ಗದ ಎರಡು ತುದಿ ಸೇರುವುದು ಕಡಲ ಕಡೆ. ಅಲ್ಲಿ ನಾನು ನಿಂತಿದ್ದೆ, ಎರಡೂ ತುದಿ ನನ್ನ ಕೈಯಲ್ಲೇ ಇದ್ದವು. ಬಾನ್-ಹೋಕನ ಮುಖ ಕಂಡವರು ಈಗ ಊರಲ್ಲಿ ನಾನೊಬ್ಬಳೇ. ಅವನನ್ನು ಬಿಟ್ಟು ಬೇರೆ ಯಾರಾದರೂ ಬಂದರೆ ನನಗೆ ಗೊತ್ತಾಗುತ್ತದೆ, ಜುಟ್ಟು ಹಿಡಿದು ಆಚೆ ತಳ್ಳುತ್ತೇನೆ. ಹಾಗೆಂದುಕೊಂಡು ಎರಡು ತುದಿಗಳನ್ನೂ ಒಬ್ಬ ಮನುಷ್ಯ ಹಾದುಹೋಗುವಷ್ಟು ಅಗಲಿಸಿದೆ.

ಪಕ್ಕದಲ್ಲಿದ್ದ ನಾಯಿಯ ಹುಡುಗ ನೋಡಿದ. ಈಗ ಅವನಿಗೆ ಮೀಸೆ ಬಂದಿದೆ. "ಅಜ್ಜಿ, ಅಲ್ಲಿ ಸಂದಿ ಬಿಟ್ಟಿದೆ" ಎಂದು ಪಿಸುಗುಟ್ಟಿದ.

"ಗೊತ್ತು ಕಣೋ. ನೀನು ನಿನ್ನ ಕಡೆ ಬಿಗಿಯಾಗಿ ಹಿಡ್ಕೊ" ಎಂದೆ.

ಸೂರು ಕುಸಿಯುವವರೆಗೂ ನಾನು ಕಡಲಿಗೆ ಬೆನ್ನು ಮಾಡಿ, ಆ ಸಂದಿಯ ಒಂದು ಬದಿಗೆ ಸರಿದು ನಿಂತೇ ಇದ್ದೆ.